ಶೇರ್ವಾನಿಯಿಂದ ಟಿ-ಶರ್ಟಿನವರೆಗೆ

ನಮ್ಮ ಬಾಲ್ಯದಲ್ಲಿ ಗುಬ್ಬಿ, ಕುಣಿಗಲ್ ಕಡೆಯ ಹಿರಿಯರು ಜುಮಾ ನಮಾಝಿಗೆ ಹೊರಡುವುದೇ ಒಂದು ವಿಧಿಯಂತಿತ್ತು. ಟ್ರಂಕಿನಿಂದ ಶೇರ್ವಾನಿ ಹೊರಬರುತ್ತಿತ್ತು. ಬೇಸಿಗೆಯಾದರೂ ಕೊರಳ ಗುಂಡಿ ಹಾಕದೆ ಹೊಸ್ತಿಲು ದಾಟುತ್ತಿರಲಿಲ್ಲ. ಬರಿದಲೆಯಲ್ಲಿ ಬೀದಿಗಿಳಿದ ಹುಡುಗನನ್ನು ಗುರುತಿಲ್ಲದವರೂ ಗದರಿಸಬಹುದಿತ್ತು. ಈಗ ತುಮಕೂರು ನಗರದ ಮಸೀದಿಗಳ ಸಾಲುಗಳಲ್ಲಿ ಟ್ರ್ಯಾಕ್ ಪ್ಯಾಂಟು, ಟಿ-ಶರ್ಟುಗಳದೇ ಬಹುಮತ.

ಇದನ್ನು ಕಂಡು ಮರುಗುವವರೊಂದಿಗೆ ನಾವು ಪೂರ್ಣವಾಗಿ ದನಿಗೂಡಿಸಲಾರೆವು. ಹಿಂದಿನ ಆ ಬಿಗಿಯಲ್ಲಿ ದೀನಿನ ಪಾಲೆಷ್ಟು, ಕಾಲದ ಪಾಲೆಷ್ಟು? ಮೈಸೂರು ಸಂಸ್ಥಾನದ ದರ್ಬಾರಿಗೆ ಹೋಗುವವರು ಕಪ್ಪು ನಿಲುವಂಗಿ, ಬಿಳಿ ಷರಾಯಿ, ಜರಿಪೇಟ ಧರಿಸಲೇಬೇಕಿತ್ತು. 1926ರಿಂದ 1941ರವರೆಗೆ ದಿವಾನರಾಗಿದ್ದ ಸರ್ ಮಿರ್ಜಾ ಇಸ್ಮಾಯಿಲರಿಗೂ ಪೇಟವೇ ಶಿರೋಭೂಷಣ. ಅದು ಆಸ್ಥಾನದ ಶಿಸ್ತು. ಇನ್ನು ನಮ್ಮ ಅಜ್ಜಂದಿರು ಮುಸ್ಲಿಮರ ಗುರುತೆಂದೇ ನಂಬಿದ್ದ ಕುಚ್ಚಿನ ರೂಮಿ ಟೋಪಿಯ ಕಥೆ ಸ್ವಾರಸ್ಯಕರ. 1829ರಲ್ಲಿ ಉಸ್ಮಾನಿ ಸುಲ್ತಾನ ಎರಡನೇ ಮಹಮೂದನು ಅಧಿಕಾರಿಗಳು ಪೇಟ ಬಿಟ್ಟು ಅದನ್ನೇ ತೊಡಬೇಕೆಂದು ಆಜ್ಞಾಪಿಸಿದಾಗ ಅದು ಹೊಸತನದ ಚಿಹ್ನೆಯಾಗಿತ್ತು. 1925ರಲ್ಲಿ ತುರ್ಕಿ ಗಣರಾಜ್ಯವು ಅದನ್ನು ಹಳತನದ ಚಿಹ್ನೆಯೆಂದು ನಿಷೇಧಿಸಿತು. ಒಂದು ಟೋಪಿ ನೂರು ವರ್ಷದೊಳಗೆ ಎರಡು ಕಾನೂನುಗಳನ್ನು ಕಂಡಿತು!

ಹಾಗೆಂದು ಆರಾಮವೊಂದೇ ಅಳತೆಗೋಲಾಗಬೇಕೇ? ಗಿಡ್ಡ ಅಂಗಿ ತೊಟ್ಟ ಯುವಕ ಸಜ್ದಾಕ್ಕೆ ಬಾಗಿದಾಗ ಬೆನ್ನು ಸೊಂಟದ ಕೆಳಗಿನವರೆಗೂ ಬರಿದಾಗುವುದನ್ನು ನಾವು ಪ್ರತಿ ಶುಕ್ರವಾರ ಕಾಣುತ್ತೇವೆ. ನಾಭಿಯಿಂದ ಮೊಣಕಾಲಿನವರೆಗೆ ಮುಚ್ಚುವುದು ಅಲಂಕಾರದ ಮಾತಲ್ಲ, ನಮಾಝಿನ ಷರತ್ತು. ಬೆನ್ನ ಮೇಲಿನ ದೊಡ್ಡ ಅಕ್ಷರಗಳಂತೂ ಹಿಂದಿನ ಸಾಲಿನವರಿಗೆ ಓದಲಿಕ್ಕೇ ಇದ್ದಂತಿರುತ್ತವೆ. ಪ್ರವಾದಿವರ್ಯರು(ಸ) ಚಿತ್ತಾರದ ಹೊದಿಕೆಯೊಂದು ನಮಾಝಿನಲ್ಲಿ ಗಮನ ಸೆಳೆಯಿತೆಂದು ಅದನ್ನು ಅಬೂ ಜಹ್ಮ್‌ರಿಗೆ(ರ) ಹಿಂದಿರುಗಿಸಿ, ಅವರ ಸಾದಾ ಹೊದಿಕೆಯನ್ನು ತರಿಸಿಕೊಂಡಿದ್ದರು.

ನಮ್ಮನ್ನು ಹೆಚ್ಚು ಕಾಡುವುದು ಬೇರೆಯೇ. ಈ ಸಡಿಲಿಕೆಯೆಲ್ಲ ಗಂಡಸರ ಪಾಲಿಗೇ ಬಂದಿದೆ. ಹಿಂದೆ ನಮ್ಮ ಹಳ್ಳಿಗಳ ಅಜ್ಜಿಯರು ಸೀರೆಯ ಸೆರಗನ್ನು ತಲೆಗೆ ಹೊದ್ದು ಹೊಲಕ್ಕೂ ಸಂತೆಗೂ ಹೋಗುತ್ತಿದ್ದರು. ಇಂದು ಅರ್ಧ ಚಡ್ಡಿಯಲ್ಲಿ ಪೇಟೆ ಸುತ್ತುವ ಅಣ್ಣನೇ, ಏಪ್ರಿಲ್ ಬಿಸಿಲಿನಲ್ಲಿ ಗಾಳಿಯಾಡದ ಕಪ್ಪು ನೈಲಾನ್ ಬುರ್ಖಾ ತೊಟ್ಟ ತಂಗಿಯ ಪರ್ದಾ ಸಾಲದೆನ್ನುತ್ತಾನೆ. 2022ರ ಫೆಬ್ರವರಿ 5ರ ಸರಕಾರಿ ಆದೇಶದ ಬಳಿಕ ಕಾಲೇಜಿನ ಬಾಗಿಲಲ್ಲಿ ತಲೆವಸ್ತ್ರದ ಪ್ರಶ್ನೆ ಎದುರಿಸಿದವಳೂ ಅವಳೇ. ಹೊರಗಿನವರ ನಿಯಮವೂ ಅವಳಿಗೆ, ಮನೆಯವರದೂ ಅವಳಿಗೆ. ಸೂರಃ ಅನ್ನೂರ್‌ನಲ್ಲಿ ದೃಷ್ಟಿ ತಗ್ಗಿಸುವ ಆದೇಶ 30ನೇ ವಚನದಲ್ಲಿ ಮೊದಲು ಪುರುಷರಿಗೆ, 31ನೇ ವಚನದಲ್ಲಿ ಸ್ತ್ರೀಯರಿಗೆ ಬಂದಿದೆ. ಕಪ್ಪು ಬಣ್ಣವನ್ನಾಗಲಿ ನೈಲಾನನ್ನಾಗಲಿ ಶರೀಅತ್ ಕಡ್ಡಾಯಗೊಳಿಸಿಲ್ಲ. ಮೈಮುಚ್ಚುವ, ಪಾರದರ್ಶಕವಲ್ಲದ, ಸಡಿಲವಾದ ತಿಳಿಬಣ್ಣದ ಹತ್ತಿಯ ಉಡುಪು ನಮ್ಮ ಹೆಣ್ಣುಮಕ್ಕಳಿಗೆ ಸಾಕು. ಅಣ್ಣನ ಅಂಗಿ ಮಾತ್ರ ಒಂದು ಗೇಣು ಉದ್ದವಾಗಬೇಕಿದೆ.