ಎಸ್ ಅಕ್ಷರದ ಆಚೆ, ಈಚೆ
ಕೃಷ್ಣೆ, ತುಂಗಭದ್ರೆಯರ ನಡುವಿನ ಗದ್ವಾಲ್ 2016ರಲ್ಲಿ ಜಿಲ್ಲಾಕೇಂದ್ರವಾಯಿತು. ಅದರ ಸೀರೆಯ ಹೆಸರು ಮಾತ್ರ ಹಳೆಯದು. ಹತ್ತಿಯ ಒಡಲಿಗೆ ರೇಷ್ಮೆಯ ಅಂಚು, ಸೆರಗು ಕೂಡಿಸುವ ಆ ಕೆಲಸ ಒಬ್ಬರ ಕೈಯಲ್ಲಿ ಮುಗಿಯುವಂಥದ್ದಲ್ಲ. ಅಲ್ಲಿನ ಕನ್ನಡ ಮನೆಗಳ ಮಕ್ಕಳಿಗೆ ಇಂಗ್ಲಿಷಿನ ಷಷ್ಠಿ ವಿಭಕ್ತಿ ಹೇಳಿಕೊಡಲು ಮಗ್ಗವೇ ಹತ್ತಿರದ ಉದಾಹರಣೆ. ‘ನೇಕಾರನ ಮಗ್ಗ’, ‘ನೇಕಾರರ ಮಗ್ಗ’ ಎಂದಾಗ ನಮಗೆ ಕಿವಿಯಲ್ಲೇ ವ್ಯತ್ಯಾಸ ಗೊತ್ತಾಗುತ್ತದೆ. ಇಂಗ್ಲಿಷಿನಲ್ಲಿ ಎರಡಕ್ಕೂ ‘ವೀವರ್ಸ್’ ಎಂಬ ಒಂದೇ ಉಚ್ಚಾರ; ಬರೆಯುವಾಗ ಅಪಾಸ್ಟ್ರಫಿ ಎಸ್‌ಗೆ ಮೊದಲು ಬಂದರೆ ಒಬ್ಬ ನೇಕಾರ, ಎಸ್ ಆದಮೇಲೆ ಬಂದರೆ ಹಲವರು. ಸಹಕಾರ ಸಂಘದ ಫಲಕದಲ್ಲಿ ಆ ಗುರುತು ಜಾಗ ತಪ್ಪಿ ಕೂತರೆ ಎಲ್ಲರ ಸೊತ್ತು ಒಬ್ಬನ ಪಾಲಾದಂತೆ. ಇದು ಸಣ್ಣ ಮಾತೆಂದು ನನಗನ್ನಿಸುವುದಿಲ್ಲ. ಮಕ್ಕಳು ಹೆಚ್ಚು ತಡವರಿಸುವುದು ‘ವಿಮೆನ್’, ‘ಚಿಲ್ಡ್ರನ್’ ಬಂದಾಗ. ಬಹುವಚನವಾದರೂ ಇವುಗಳ ಕೊನೆಗೆ ಎಸ್ ಇಲ್ಲ. ಹಾಗಾಗಿ ಗುರುತು ಮೊದಲು, ಎಸ್ ಆಮೇಲೆ. ಮೇಷ್ಟ್ರುಗಳು ಮೊದಲು ಬಹುವಚನವನ್ನು ಪೂರ್ತಿ ಬರೆಸಲಿ, ಗುರುತಿನ ಮಾತು ಆಮೇಲೆ ಎತ್ತಲಿ. ಅರ್ಧ ಗೊಂದಲ ಅಲ್ಲೇ ಕಳೆಯುತ್ತದೆ. ‘ಅದರ’ ಎಂಬರ್ಥದ ‘ಇಟ್ಸ್’ಗೆ ಗುರುತೇ ಬೇಡ, ಹಾಕಿದರೆ ಅದನ್ನು ‘ಇಟ್ ಈಸ್’ ಎಂದೋ ‘ಇಟ್ ಹ್ಯಾಸ್’ ಎಂದೋ ಓದಬೇಕಾಗುತ್ತದೆ.