ಎಂಜಿನ್ ನಿಂತರೆ ವಿಮಾನ ಬೀಳುತ್ತದೆಯೇ?

ರಜಾದಿನದ ಸಂಜೆ ಗವಿಪುರದ ಹರಿಹರ ಗುಡ್ಡಕ್ಕೆ ಹೋದರೆ, ನೋಟ್‌ಬುಕ್ಕಿನ ಹಾಳೆ ಹರಿದು ವಿಮಾನ ಮಾಡಿ ಹಾರಿಸುವ ಒಂದಿಬ್ಬರು ಹುಡುಗರಾದರೂ ಕಣ್ಣಿಗೆ ಬೀಳುತ್ತಾರೆ. ಹಾಳೆ ದಂಡವಾಯಿತೆಂದು ಮನೆಯಲ್ಲಿ ಗದರುವುದೂ ಉಂಟು. ಗದರುವ ಮುನ್ನ ಆ ಹಾಳೆಯ ವಿಮಾನವನ್ನು ಒಮ್ಮೆ ಗಮನಿಸಿ. ಅದಕ್ಕೆ ಎಂಜಿನ್ ಇಲ್ಲ, ಪೆಟ್ರೋಲ್ ಇಲ್ಲ. ಆದರೂ ಅದು ಕಲ್ಲಿನಂತೆ ದೊಪ್ಪೆಂದು ಬೀಳುವುದಿಲ್ಲ. ತೇಲಿಕೊಂಡು ಹೋಗಿ, ನಿಧಾನವಾಗಿ ಇಳಿದು, ಹೊಟ್ಟೆಯ ಮೇಲೆ ಜಾರಿ ನಿಲ್ಲುತ್ತದೆ.

ನಿಜವಾದ ವಿಮಾನದ ಎಂಜಿನ್ ಆಕಾಶದಲ್ಲಿ ನಿಂತರೂ ಆಗುವುದು ಬಹುಮಟ್ಟಿಗೆ ಇದೇ. ವಿಮಾನವನ್ನು ಎತ್ತಿ ಹಿಡಿಯುವುದು ಎಂಜಿನ್ ಅಲ್ಲ, ರೆಕ್ಕೆ. ರೆಕ್ಕೆಯ ಮೇಲೆ ಸಾಕಷ್ಟು ವೇಗವಾಗಿ ಗಾಳಿ ಹರಿಯುತ್ತಿರುವವರೆಗೆ ಎತ್ತುವ ಬಲ ಇದ್ದೇ ಇರುತ್ತದೆ. ಆ ವೇಗವನ್ನು ಕೊಡುವುದಷ್ಟೇ ಎಂಜಿನ್ನಿನ ಕೆಲಸ. ಎಂಜಿನ್ ನಿಂತಾಗ ಪೈಲಟ್ ವಿಮಾನದ ಮೂತಿಯನ್ನು ತುಸು ಕೆಳಕ್ಕೆ ಬಾಗಿಸುತ್ತಾನೆ. ಇಳಿಜಾರಿನಲ್ಲಿ ಪೆಡಲ್ ತುಳಿಯದೆಯೇ ಸೈಕಲ್ ಓಡುವಂತೆ, ವಿಮಾನವು ತನ್ನ ಎತ್ತರವನ್ನೇ ಖರ್ಚು ಮಾಡಿಕೊಂಡು ವೇಗವನ್ನು ಉಳಿಸಿಕೊಳ್ಳುತ್ತದೆ. ಪಠ್ಯಪುಸ್ತಕದ ಭಾಷೆಯಲ್ಲಿ ಹೇಳುವುದಾದರೆ, ಸ್ಥಿತಿಶಕ್ತಿ ಚಲನಶಕ್ತಿಯಾಗಿ ಮಾರ್ಪಡುತ್ತದೆ.

ಗವಿಪುರದ ಮೇಲೊಂದು ಲೆಕ್ಕ

ಎಚ್‌ಎಎಲ್ ವಿಮಾನ ನಿಲ್ದಾಣದ ರನ್‌ವೇ ಪೂರ್ವ-ಪಶ್ಚಿಮವಾಗಿ ಚಾಚಿಕೊಂಡಿದೆ. ಗವಿಪುರ ಇರುವುದು ಅದರ ಪಶ್ಚಿಮಕ್ಕೆ, ಹೆಚ್ಚುಕಡಿಮೆ ಅದೇ ನೇರದಲ್ಲಿ. ನಡುವಿನ ದೂರ ಸುಮಾರು 10 ಕಿ.ಮೀ. ಈಗ ಗವಿಪುರದ ಮೇಲೆ ಹಾರುತ್ತಿರುವ ಒಂದು ಸಣ್ಣ ವಿಮಾನದ ಎಂಜಿನ್ ನಿಂತಿತು ಎಂದುಕೊಳ್ಳಿ. 1 ಕಿ.ಮೀ. ಇಳಿಯುವಷ್ಟರಲ್ಲಿ ಅದು 10 ಕಿ.ಮೀ. ಮುಂದಕ್ಕೆ ತೇಲಬಲ್ಲದಾದರೆ, 1 ಕಿ.ಮೀ. ಎತ್ತರದಲ್ಲಿದ್ದರೆ ರನ್‌ವೇಯ ಅಂಚನ್ನು ಹೇಗೋ ಮುಟ್ಟಬಹುದು. ವೇಗಕ್ಕೆಂದೇ ರೂಪಿಸಿದ ಯುದ್ಧವಿಮಾನದ ರೆಕ್ಕೆಗಳು ಚಿಕ್ಕವು, ಮೈ ಭಾರ. ಅದು 5 ಕಿ.ಮೀ. ಮಾತ್ರ ತೇಲುವುದಾದರೆ ಬೇಕಾದ ಎತ್ತರ 2 ಕಿ.ಮೀ.

ಎತ್ತರ ಸಾಲದಿದ್ದರೆ? ಮೂತಿಯನ್ನು ಮೇಲಕ್ಕೆತ್ತಿದರೆ ಇನ್ನಷ್ಟು ದೂರ ಹೋಗಬಹುದೆಂದು ಮನಸ್ಸು ಹೇಳುತ್ತದೆ. ಇದೇ ಅಪಾಯದ ಆಸೆ. ಮೂತಿ ಎತ್ತಿದರೆ ವೇಗ ಕುಗ್ಗುತ್ತದೆ. ಒಂದು ಮಿತಿಗಿಂತ ಕುಗ್ಗಿದೊಡನೆ ರೆಕ್ಕೆಯ ಮೇಲಿನ ಗಾಳಿಯ ಹರಿವು ಕಡಿದುಹೋಗಿ, ಎತ್ತುವ ಬಲ ಥಟ್ಟನೆ ಕುಸಿಯುತ್ತದೆ. ಇದನ್ನು 'ಸ್ಟಾಲ್' ಎನ್ನುತ್ತಾರೆ. ಆದ್ದರಿಂದ ತರಬೇತಿಯಲ್ಲಿ ಪೈಲಟ್‌ಗೆ ಕಲಿಸುವ ಮೊದಲ ಪಾಠ: ವೇಗ ಕಾಪಾಡಿಕೋ, ಕೈಗೆಟುಕುವ ಬಯಲನ್ನು ಹುಡುಕು, ಎಟುಕದ ರನ್‌ವೇಗೆ ಆಸೆಪಡಬೇಡ.

ಇಳಿಯುವಾಗ ಗಾಳಿಗೆ ಎದುರಾಗಿ ಇಳಿಯಬೇಕು. ಗಾಳಿಗೆ ಹೋಲಿಸಿದಾಗ ವಿಮಾನದ ವೇಗ ಗಂಟೆಗೆ 160 ಕಿ.ಮೀ. ಇದ್ದು, ಗಾಳಿ 20 ಕಿ.ಮೀ. ವೇಗದಲ್ಲಿ ಎದುರಿನಿಂದ ಬೀಸುತ್ತಿದ್ದರೆ ನೆಲ ಮುಟ್ಟುವ ವೇಗ 140 ಕಿ.ಮೀ. ಅದೇ ಗಾಳಿ ಹಿಂದಿನಿಂದ ಬೀಸಿದರೆ 180 ಕಿ.ಮೀ. ಚಲನಶಕ್ತಿ ವೇಗದ ವರ್ಗಕ್ಕೆ ಅನುಗುಣವಾಗಿ ಹೆಚ್ಚುತ್ತದೆಯಲ್ಲವೇ? ಲೆಕ್ಕ ಮಾಡಿದರೆ ಎರಡನೆಯ ಇಳಿತದ ಹೊಡೆತ ಮೊದಲನೆಯದರ ಒಂದೂವರೆ ಪಟ್ಟಿಗಿಂತಲೂ ಹೆಚ್ಚು. ಇನ್ನೊಂದು ಸೂಕ್ಷ್ಮವಿದೆ. ಉತ್ತ ಹೊಲದಂಥ ಮೆತ್ತನೆಯ ನೆಲದಲ್ಲಿ ಇಳಿಯುವಾಗ ಯುದ್ಧಕಾಲದ ಪೈಲಟ್‌ಗಳು ಗಾಲಿಗಳನ್ನು ಬೇಕೆಂದೇ ಮಡಚಿಟ್ಟು, ವಿಮಾನವನ್ನು ಹೊಟ್ಟೆಯ ಮೇಲೆ ಜಾರಿಸುತ್ತಿದ್ದರು. ಗಾಲಿ ಮಣ್ಣಿನಲ್ಲಿ ಹೂತರೆ ವಿಮಾನ ಮುಗ್ಗರಿಸಿ ತಲೆಕೆಳಗಾಗುತ್ತದೆ, ಅದಕ್ಕೆ.

ಎಂಜಿನ್ನೇ ಇಲ್ಲದ ಯುದ್ಧವಿಮಾನ

ಎಂಜಿನ್ ಕೆಟ್ಟು ನಿಂತದ್ದಲ್ಲ, ಎಂಜಿನ್ನನ್ನೇ ಕೂರಿಸದ ಒಂದು ಯುದ್ಧವಿಮಾನ ಬೆಂಗಳೂರಿನ ಆಕಾಶದಲ್ಲಿ ಹಾರಿತ್ತು ಎಂದರೆ ನಂಬುತ್ತೀರಾ? ಆ ಕಥೆಯ ಮೊದಲ ಅಧ್ಯಾಯ ಎರಡನೆಯ ಮಹಾಯುದ್ಧದ್ದು. ಉದ್ಯಮಿ ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ನೆರವಿನಿಂದ 1940ರ ಡಿಸೆಂಬರಿನಲ್ಲಿ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದರು. ಅಲ್ಲಿ ಜೋಡಿಸಿದ ಕರ್ಟಿಸ್ ಹಾಕ್ ಯುದ್ಧವಿಮಾನ 1942ರ ಜುಲೈನಲ್ಲಿ ಹಾರಿತು. ಅದು ಅಮೆರಿಕದ ವಿನ್ಯಾಸ. ನಮ್ಮದೇ ವಿನ್ಯಾಸದ ಯುದ್ಧವಿಮಾನ ಬೇಕೆಂಬ ಆಸೆ ಚಿಗುರಿದ್ದು ಸ್ವಾತಂತ್ರ್ಯದ ನಂತರ.

ಅದಕ್ಕಾಗಿ 1956ರಲ್ಲಿ ಬೆಂಗಳೂರಿಗೆ ಬಂದವರು ಜರ್ಮನಿಯ ಕುರ್ಟ್ ಟ್ಯಾಂಕ್. ಮಹಾಯುದ್ಧದಲ್ಲಿ ಹೆಸರು ಮಾಡಿದ ಫೋಕೆವುಲ್ಫ್ 190 ವಿಮಾನವನ್ನು ರೂಪಿಸಿದವರು ಅವರೇ. ಅವರೂ ಇಲ್ಲಿನ ಎಂಜಿನಿಯರುಗಳೂ ಸೇರಿ ಎಚ್‌ಎಫ್-24 'ಮಾರುತ್' ಜೆಟ್ ವಿಮಾನದ ನಕ್ಷೆ ಹಾಕಿದರು. ಆದರೆ ಹೊಸ ಆಕಾರದ ರೆಕ್ಕೆ ನಿಧಾನ ವೇಗದಲ್ಲಿ, ಅದರಲ್ಲೂ ನೆಲಕ್ಕಿಳಿಯುವಾಗ, ಹೇಗೆ ನಡೆದುಕೊಳ್ಳುತ್ತದೆ? ತಿಳಿಯಲು ಅವರು ಅದೇ ಅಳತೆಯ ಮರದ ಗ್ಲೈಡರ್ ಒಂದನ್ನು ಕಟ್ಟಿದರು. 1959ರಲ್ಲಿ ಡಕೋಟ ವಿಮಾನವೊಂದು ಅದನ್ನು ಹಗ್ಗ ಕಟ್ಟಿ ಮೇಲಕ್ಕೆಳೆದೊಯ್ದು ಬಿಟ್ಟಿತು. ಹಗ್ಗ ಕಳಚಿದ ಮೇಲೆ ಪೈಲಟ್‌ಗೆ ಉಳಿದದ್ದು ಎತ್ತರ, ರೆಕ್ಕೆ ಮತ್ತು ತಾಳ್ಮೆ, ಇಷ್ಟೇ. ತಪ್ಪಿದರೆ ಮತ್ತೊಂದು ಸುತ್ತು ಹೊಡೆದು ಬರುವ ಅವಕಾಶವಿಲ್ಲ. ಹೀಗೆ ಎಪ್ಪತ್ತಕ್ಕೂ ಹೆಚ್ಚು ಬಾರಿ ಅದು ಸುರಕ್ಷಿತವಾಗಿ ಇಳಿಯಿತು. 1960ರ ಮಾರ್ಚ್‌ನಲ್ಲಿ ಮೂತಿಯ ಗಾಲಿ ಬಿಚ್ಚಿಕೊಳ್ಳದೆ ಇಳಿಯುವಾಗ ಜಖಂಗೊಂಡಿತು. ಅಷ್ಟರಲ್ಲಿ ಬೇಕಾದ ಪಾಠವನ್ನೆಲ್ಲ ಅದು ಕಲಿಸಿಯಾಗಿತ್ತು. 1961ರ ಜೂನ್ 17ರಂದು ವಿಂಗ್ ಕಮಾಂಡರ್ ಸುರಂಜನ್ ದಾಸ್ ನಿಜವಾದ ಮಾರುತ್ ಅನ್ನು ಮೊದಲ ಬಾರಿಗೆ ಹಾರಿಸಿದರು.

ಮಾರುತ್‌ಗೆ ಎರಡು ಆರ್ಫಿಯಸ್ ಜೆಟ್ ಎಂಜಿನ್‌ಗಳು. ಇನ್ನೂ ಬಲವಾದ ಎಂಜಿನ್ ಸಿಗಲಿಲ್ಲವಾದ್ದರಿಂದ ಅದು ನಿರೀಕ್ಷಿಸಿದ ವೇಗವನ್ನು ಮುಟ್ಟಲಿಲ್ಲ. ಆ ಕೊರತೆ ನೀಗಿಸುವ ಪ್ರಯೋಗಗಳು ನಡೆದೇ ಇದ್ದವು. ಅಂಥ ಒಂದು ಮಾದರಿಯನ್ನು ಪರೀಕ್ಷಿಸಲು 1970ರ ಜನವರಿ 10ರಂದು ಹೊರಟ ದಾಸ್, ವಿಮಾನ ಮೇಲೇರಿದ ಸ್ವಲ್ಪ ಹೊತ್ತಿನಲ್ಲೇ ಅಪಘಾತಕ್ಕೀಡಾಗಿ ಮಡಿದರು. ನೆಲ ಬಿಟ್ಟ ಮೊದಲ ಕ್ಷಣಗಳಲ್ಲಿ ಖರ್ಚು ಮಾಡಲು ಎತ್ತರವೂ ಇರುವುದಿಲ್ಲ, ವೇಗವೂ ಇರುವುದಿಲ್ಲ. ತುರ್ತು ಭೂಸ್ಪರ್ಶದ ಲೆಕ್ಕದಲ್ಲಿ ಅತ್ಯಂತ ಕಠಿಣವಾದ ಗಳಿಗೆ ಅದೇ. ಎಚ್‌ಎಎಲ್ ಸಮೀಪದ ಸುರಂಜನ್ ದಾಸ್ ರಸ್ತೆಯಲ್ಲಿ ದಿನವೂ ಸಾವಿರಾರು ಜನ ಓಡಾಡುತ್ತಾರೆ. ಆ ಹೆಸರು ಯಾರದೆಂದು ಎಷ್ಟು ಮಂದಿಗೆ ಗೊತ್ತು?

ಒಂದೇ ಎಂಜಿನ್ನಿನಲ್ಲಿ ಮನೆಗೆ

1971ರ ಡಿಸೆಂಬರ್ ಯುದ್ಧದಲ್ಲಿ ಮಾರುತ್ ರಾಜಸ್ತಾನದ ಗಡಿಯಲ್ಲಿ ಕಾದಾಡಿತು. ಕೆಳಮಟ್ಟದಲ್ಲಿ ಹಾರಿ ದಾಳಿ ಮಾಡುವ ವಿಮಾನಕ್ಕೆ ನೆಲದಿಂದ ಗುಂಡೇಟು ಬೀಳುವುದು ಸಾಮಾನ್ಯ. ಕನಿಷ್ಠ ಮೂರು ಸಲ ಒಂದು ಎಂಜಿನ್ ಕಳೆದುಕೊಂಡ ಮಾರುತ್‌ಗಳು ಇನ್ನೊಂದರ ಬಲದಿಂದಲೇ ಮರಳಿ ಬಂದವು. ಅವುಗಳಲ್ಲೊಂದು ಶತ್ರುನೆಲದಲ್ಲಿ ಸುಮಾರು 240 ಕಿ.ಮೀ. ಒಳಗಿನಿಂದ ಒಂಟಿಯಾಗಿ ಹಾರಿ ನೆಲೆ ಮುಟ್ಟಿತು.

ಇದರ ಗುಟ್ಟೇನು? ಎರಡು ಎಂಜಿನ್‌ಗಳು ರೆಕ್ಕೆಗಳ ಮೇಲೆ ದೂರದೂರ ಇದ್ದರೆ, ಒಂದು ನಿಂತಾಗ ವಿಮಾನ ಒಂದು ಬದಿಗೆ ತಿರುಗಲು ಎಳೆಯುತ್ತದೆ. ಎತ್ತಿನ ಗಾಡಿಯ ಒಂದು ಎತ್ತು ಮಲಗಿದಂತೆ. ಮಾರುತ್‌ನಲ್ಲಿ ಎರಡೂ ಎಂಜಿನ್‌ಗಳು ವಿಮಾನದ ಒಡಲೊಳಗೆ ಅಕ್ಕಪಕ್ಕದಲ್ಲಿವೆ. ಹಾಗಾಗಿ ಆ ತಿರುಚುವಿಕೆ ತೀರ ಕಡಿಮೆ. ಚುಕ್ಕಾಣಿಗಳನ್ನು ಅಲುಗಿಸುವ ಹೈಡ್ರಾಲಿಕ್ ವ್ಯವಸ್ಥೆ ಕೆಟ್ಟರೆ, ನಿಯಂತ್ರಣ ತಾನಾಗಿಯೇ ಪೈಲಟ್‌ನ ತೋಳ್ಬಲಕ್ಕೆ ಬದಲಾಗುವ ಏರ್ಪಾಡೂ ಇತ್ತು. ವೇಗದ ಪರೀಕ್ಷೆಯಲ್ಲಿ ಕಡಿಮೆ ಅಂಕ ತೆಗೆದ ವಿಮಾನ, ಪೈಲಟ್‌ನನ್ನು ಮನೆಗೆ ಕರೆತರುವ ಪರೀಕ್ಷೆಯಲ್ಲಿ ಒಳ್ಳೆಯ ಅಂಕವನ್ನೇ ತೆಗೆಯಿತು!

ನೆಲದ ಮೇಲಿನ ಶತ್ರು

ಎರಡು ಆಸನದ ತರಬೇತಿ ವಿಮಾನಗಳೂ ಸೇರಿ ಒಟ್ಟು 147 ಮಾರುತ್‌ಗಳು ತಯಾರಾದವು. 1990ರ ವೇಳೆಗೆ ಅವೆಲ್ಲ ನಿವೃತ್ತವಾದವು. ಕಸ್ತೂರಬಾ ರಸ್ತೆಯ ವಿಶ್ವೇಶ್ವರಯ್ಯ ಮ್ಯೂಸಿಯಂನಲ್ಲಿ ಒಂದು, 2001ರಲ್ಲಿ ಆರಂಭವಾದ ಎಚ್‌ಎಎಲ್ ವಸ್ತುಸಂಗ್ರಹಾಲಯದಲ್ಲಿ ಒಂದು, ಮುಂಬೈಯ ನೆಹರೂ ವಿಜ್ಞಾನ ಕೇಂದ್ರದಲ್ಲಿ ಒಂದು, ದೂರದ ಜರ್ಮನಿಯ ಮ್ಯೂನಿಕ್ ಬಳಿಯ ಸಂಗ್ರಹಾಲಯದಲ್ಲೂ ಒಂದು. ಹೀಗೆ ಅಲ್ಲೊಂದು ಇಲ್ಲೊಂದು ಉಳಿದಿವೆ.

ಗುಂಡಿಗೆ ಬಗ್ಗದ ವಿಮಾನವನ್ನು ಬಗ್ಗಿಸುವುದು ಮಳೆ ಮತ್ತು ಬಿಸಿಲು. ಅಲ್ಯೂಮಿನಿಯಂ ತುಕ್ಕು ಹಿಡಿಯುವುದಿಲ್ಲ ಎಂಬ ನಂಬಿಕೆ ಅರ್ಧಸತ್ಯ. ಶುದ್ಧ ಅಲ್ಯೂಮಿನಿಯಂ ಮೇಲೆ ಆಕ್ಸೈಡಿನ ತೆಳುಪದರ ಕಟ್ಟಿ ಅದನ್ನು ಕಾಯುತ್ತದೆ, ನಿಜ. ಆದರೆ ವಿಮಾನಕ್ಕೆ ಬಳಸುವುದು ತಾಮ್ರ ಮುಂತಾದ ಲೋಹಗಳನ್ನು ಬೆರೆಸಿ ಗಟ್ಟಿ ಮಾಡಿದ ಮಿಶ್ರಲೋಹ. ಅದರ ಜೊತೆಗೆ ಉಕ್ಕಿನ ಬೋಲ್ಟುಗಳು. ಎರಡು ಬೇರೆ ಬೇರೆ ಲೋಹಗಳು ತಾಗಿಕೊಂಡಿರುವೆಡೆ ತೇವ ನಿಂತರೆ ಅದೊಂದು ಪುಟ್ಟ ವಿದ್ಯುತ್‌ಕೋಶವೇ ಆಗುತ್ತದೆ. ಅಲ್ಯೂಮಿನಿಯಂ ಕರಗಿ ಬಿಳಿ ಪುಡಿಯಾಗುತ್ತಾ ಹೋಗುತ್ತದೆ. ಹಕ್ಕಿಗೂಡು, ಒಣಗಿದೆಲೆಗಳು ನೀರು ಬಸಿದುಹೋಗುವ ಕಿಂಡಿಗಳನ್ನು ಮುಚ್ಚಿದರೆ ಒಳಗೆ ತೇವ ಆರುವುದೇ ಇಲ್ಲ. ಬಿಸಿಲಿಗೆ ರಬ್ಬರ್ ಬಿರಿಯುತ್ತದೆ, ಪೈಲಟ್‌ನ ಗೂಡಿನ ಪಾರದರ್ಶಕ ಮುಚ್ಚಳ ಮಬ್ಬಾಗುತ್ತದೆ. ಹೊರಗೆ ಹೊಸ ಬಣ್ಣ ಬಳಿದರೆ ಇದೆಲ್ಲ ಮರೆಯಾಗುತ್ತದೆಯೇ ಹೊರತು ನಿಲ್ಲುವುದಿಲ್ಲ. ಒಳ್ಳೆಯ ಸಂರಕ್ಷಣೆ ಎಂದರೆ ಮೇಲೊಂದು ಸೂರು, ಗಾಲಿಯ ಭಾರ ಹೊರಲು ಆಧಾರ, ಕಾಲಕಾಲಕ್ಕೆ ಒಳಭಾಗದ ಪರೀಕ್ಷೆ.

ಇಷ್ಟೆಲ್ಲ ಯಾಕೆ ಎಂದು ಕೇಳಬಹುದು. ಎರಡು ಉದಾಹರಣೆ ನೋಡಿ. ಮಹಾಯುದ್ಧ ಮುಗಿದಾಗ ಕಾನ್ಪುರದಲ್ಲಿ ಜಖಂ ಮಾಡಿ ಬಿಟ್ಟುಹೋಗಿದ್ದ ಲಿಬರೇಟರ್ ಬಾಂಬರ್‌ಗಳನ್ನು, ಯಾರೂ ದುರಸ್ತಿ ಮಾಡಲಾರರು ಎನ್ನುತ್ತಿದ್ದಾಗ, ಎಚ್‌ಎಎಲ್ ಕುಶಲಕರ್ಮಿಗಳು ಹಾರುವ ಸ್ಥಿತಿಗೆ ತಂದರು. ಅವು 1968ರವರೆಗೆ ಭಾರತೀಯ ವಾಯುಪಡೆಯಲ್ಲಿ ದುಡಿದವು. ಇಂದು ಬ್ರಿಟನ್, ಕೆನಡಾ, ಅಮೆರಿಕದ ಸಂಗ್ರಹಾಲಯಗಳಲ್ಲಿರುವ ಕೆಲವು ಲಿಬರೇಟರ್‌ಗಳು ಇಲ್ಲಿಂದ ಹೋದವೇ. ಇನ್ನೊಂದು ಬನಾರಸ್ ಹಿಂದೂ ವಿಶ್ವವಿದ್ಯಾಲಯದ್ದು. ಎಂಜಿನಿಯರಿಂಗ್ ಪಾಠಕ್ಕೆಂದು ಕೊಟ್ಟಿದ್ದ ಹರಿಕೇನ್ ಯುದ್ಧವಿಮಾನವೊಂದು ಅಲ್ಲಿ ದಶಕಗಳ ಕಾಲ ಬಯಲಿನಲ್ಲಿತ್ತು. 1982ರಲ್ಲಿ ಪೀಟರ್ ವಾಚರ್ ಎಂಬ ಇಂಗ್ಲಿಷ್ ಗೃಹಸ್ಥ ಅದನ್ನು ಕಂಡರು. ಅದು 1940ರಲ್ಲಿ ಬ್ರಿಟನ್ನಿನ ಆಕಾಶವನ್ನು ಕಾದ ಆರ್ 4118 ಸಂಖ್ಯೆಯ ವಿಮಾನವೆಂದು ಗೊತ್ತಾಯಿತು. 2001ರಲ್ಲಿ ಅವರು ಅದನ್ನು ಊರಿಗೆ ಒಯ್ದರು. 2004ರ ಡಿಸೆಂಬರಿನಲ್ಲಿ ಅದು ಮತ್ತೆ ಹಾರಿತು!

ನಮ್ಮ ಕಣ್ಣಿಗೆ ಹಳೆಯ ಕಬ್ಬಿಣದಂತೆ ಕಂಡದ್ದು ಇನ್ನೊಬ್ಬರಿಗೆ ಇತಿಹಾಸವಾಗಿತ್ತು. ಪೈಲಟ್‌ನನ್ನು ಜೋಪಾನವಾಗಿ ನೆಲಕ್ಕೆ ತಂದ ವಿಮಾನವನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ನೆಲದ ಮೇಲಿರುವವರ ಸರದಿ.

ಮಾಡಿ ನೋಡಿ

1. ಕಾಗದದ ವಿಮಾನವನ್ನು ಮಾಳಿಗೆ ಮೆಟ್ಟಿಲಿನಿಂದ ಮೆಲ್ಲಗೆ ಬಿಡಿ. ತಾರಸಿಯ ಅಂಚಿಗೆ ಹೋಗಬೇಡಿ. ಅದು ಸಾಗಿದ ದೂರವನ್ನು ಬಿಟ್ಟ ಎತ್ತರದಿಂದ ಭಾಗಿಸಿ. ಬಂದ ಸಂಖ್ಯೆಯೇ ನಿಮ್ಮ ವಿಮಾನದ ತೇಲುವ ಅನುಪಾತ. ಮೂತಿಗೊಂದು ಗುಂಡುಸೂಜಿಯನ್ನು ಚೂಪು ತುದಿ ಒಳಗಾಗುವಂತೆ ಸಿಕ್ಕಿಸಿ ಮತ್ತೆ ಅಳೆಯಿರಿ.

2. ಎರಡು ಲೋಟಗಳಲ್ಲಿ ಉಪ್ಪುನೀರು ತುಂಬಿ. ಒಂದರಲ್ಲಿ ಬರಿಯ ಅಲ್ಯೂಮಿನಿಯಂ ಹಾಳೆಯ ಚೂರು, ಇನ್ನೊಂದರಲ್ಲಿ ತಾಮ್ರದ ತಂತಿ ಬಿಗಿಯಾಗಿ ಸುತ್ತಿದ ಚೂರು ಹಾಕಿಡಿ. ಕೆಲವು ದಿನ ಬಿಟ್ಟು ಎರಡನ್ನೂ ಹೋಲಿಸಿ.

3. ಮುಂದಿನ ರಜೆಯಲ್ಲಿ ಅಪ್ಪ ಅಮ್ಮನ ಜೊತೆ ಕಸ್ತೂರಬಾ ರಸ್ತೆಗೆ ಹೋದಾಗ ಮಾರುತ್‌ನ ಹಿಂಭಾಗಕ್ಕೆ ಹೋಗಿ ನಿಲ್ಲಿ. ಅಕ್ಕಪಕ್ಕದಲ್ಲಿರುವ ಎರಡು ಹೊಗೆಕೊಳವೆಗಳನ್ನು ನೋಡಿ. 1971ರಲ್ಲಿ ಕೆಲವು ಪೈಲಟ್‌ಗಳು ಮನೆಗೆ ಮರಳಿದ್ದು ಆ ಎರಡರಲ್ಲಿ ಉಳಿದಿದ್ದ ಒಂದರಿಂದ.