ತೆನೆ ಹಿಡಿದ ಫೋಟೋ, ತೆನೆ ಇಲ್ಲದ ಹೊಲ

ಸೆಲ್ಫಿ ಅಂದರೆ ಹುಡುಗರ ಹುಚ್ಚು ಅಂತ ನಮ್ಮ ವಾರಿಗೆಯವರು ಬೈಯುವುದುಂಟು. ನನಗೆ ಹಾಗೆ ಅನಿಸಲ್ಲ. ನಮ್ಮ ಕಾಲದಲ್ಲಿ ಮದುವೆಯಾದ ಹೊಸದರಲ್ಲಿ ಹರಿಹರದ ಸ್ಟುಡಿಯೋಕ್ಕೆ ಹೋಗಿ, ಅವರೇ ಕೊಟ್ಟ ಕೋಟು ತೊಟ್ಟು, ಪರದೆ ಮುಂದೆ ಉಸಿರು ಬಿಗಿಹಿಡಿದು ಕೂರುತ್ತಿದ್ದೆವು. ಆ ಪಟ ಗೋಡೆಗೆ ಹಾಕಿದ್ದು ಬಂದವರು ನೋಡಲಿ ಅಂತಲೇ ಅಲ್ಲವೆ? ಈಗ ಗೋಡೆ ಬದಲು ವಾಟ್ಸಾಪ್ ಸ್ಟೇಟಸ್, ಅಷ್ಟೆ.

ಗುಂಡ್ಲುಪೇಟೆ ಕಡೆ ಸೂರ್ಯಕಾಂತಿ ಹೂ ಬಿಟ್ಟಾಗ ಊಟಿಗೆ ಹೋಗುವವರು ಕಾರು ನಿಲ್ಲಿಸಿ ಹೊಲಕ್ಕೆ ನುಗ್ಗಿ ಸೆಲ್ಫಿ ತೆಗೆಯುತ್ತಾರೆ. ಗಿಡ ತುಳಿದು ಹಾಳಾಗುತ್ತೆ ಅಂತ ಅಲ್ಲಿನ ರೈತರು ತಲೆಗೆ ಇಷ್ಟು ಅಂತ ದುಡ್ಡು ಇಸಿದುಕೊಳ್ಳಲು ಶುರುಮಾಡಿದರು. ಸರಿಯಾಗೇ ಮಾಡಿದರು. ಹೂ ಕಾಳುಗಟ್ಟಿ ತಲೆ ಬಗ್ಗಿಸಿದ ಮೇಲೆ ಅದರ ಪಕ್ಕ ನಿಲ್ಲೋಕೆ ಯಾರೂ ಬರಲ್ಲ. ನಮಗೆ ಬೆಳೆ ಅನ್ನೋದು ಅಲ್ಲಿಂದಲೇ ಶುರು.

ನನ್ನ ತಕರಾರು ಇರೋದು ನಾವು ರೈತರು ಹಾಕುವ ಫೋಟೋಗಳ ಬಗ್ಗೆ. ನಮ್ಮ ಕಡೆ ಮೆಕ್ಕೆಜೋಳ ಬಂತೆಂದರೆ ಗ್ರೂಪಿನ ತುಂಬ ತೆನೆ ಹಿಡಿದ ಸೆಲ್ಫಿ. ಇಡೀ ಹೊಲ ಹುಡುಕಿ ಆರಿಸಿದ ತೆನೆ ಅದು! ಎಕರೆಗೆ ಎಷ್ಟು ಕ್ವಿಂಟಾಲ್ ಬಂತು, ಗೊಬ್ಬರಕ್ಕೆ ಎಷ್ಟು ಹೋಯಿತು, ಮಳೆ ಯಾವಾಗ ಬಿತ್ತು, ಒಂದೂ ಇರಲ್ಲ. ನೋಡಿದವರು ಮಾರನೇ ವರ್ಷ ಅದೇ ಬೀಜಕ್ಕೆ ಮುಗಿಬೀಳುತ್ತಾರೆ. ಬೀಜ ಮಾರುವವರಿಗೆ ಬಿಟ್ಟಿ ಪ್ರಚಾರ. 2018ರಲ್ಲಿ ಸೈನಿಕ ಹುಳು ಪಕ್ಕದ ಶಿವಮೊಗ್ಗ ಜಿಲ್ಲೆಯಲ್ಲೇ ಮೊದಲು ಕಂಡಿತು. ಸುಳಿ ತಿಂದ ಗಿಡದ ಜತೆ ನಿಂತು ಸೆಲ್ಫಿ ಹಾಕಿದವರನ್ನು ನಾನಂತೂ ನೋಡಲಿಲ್ಲ. ಹಾಕಿದ್ದರೆ ಪಕ್ಕದ ಹೊಲದವನು ಒಂದು ವಾರ ಮುಂಚೆ ತನ್ನ ಸುಳಿ ಬಿಡಿಸಿ ನೋಡುತ್ತಿದ್ದನೋ ಏನೋ. ಸೋತಿದ್ದು ತೋರಿಸೋಕೆ ನಮಗೆ ನಾಚಿಕೆ.

ಇನ್ನು ಸರಕಾರಕ್ಕೆ ಬೇಕಾದ ಫೋಟೋ ಬೇರೆ. 2020ರಿಂದ ಬೆಳೆ ಸಮೀಕ್ಷೆ ಆ್ಯಪಿನಲ್ಲಿ ರೈತರೇ ತಮ್ಮ ಸರ್ವೆ ನಂಬರಿನೊಳಗೆ ನಿಂತು ಬೆಳೆಯ ಫೋಟೋ ಹಾಕಬಹುದು. ವಿಮೆ, ಬೆಳೆ ಪರಿಹಾರ, ಬೆಂಬಲ ಬೆಲೆ ಖರೀದಿ ಇವಕ್ಕೆಲ್ಲ ಆ ದಾಖಲೆ ನೋಡುತ್ತಾರೆ. ಆದರೂ ದಿನಕ್ಕೆ ಹತ್ತು ಸೆಲ್ಫಿ ತೆಗೆಯುವ ನಮ್ಮ ಹುಡುಗರು ಇದೊಂದನ್ನು ತೆಗೆಯಲ್ಲ, ಯಾರೋ ಬಂದು ಮಾಡಲಿ ಅಂತ ಬಿಡುತ್ತಾರೆ. ನಾಲೆ ನೀರು ಹತ್ತದ ನನ್ನ ಮೇಲಿನ ಹೊಲದಲ್ಲಿ ಒಂದು ವರ್ಷ ಮೆಕ್ಕೆಜೋಳದ ಮಧ್ಯೆ ತೊಗರಿ ಅಕ್ಕಡಿ ಹಾಕಿದ್ದೆ. ಬಂದವರು ಬದುವಿನ ಹತ್ತಿರವೇ ಫೋಟೋ ತೆಗೆದು ಹೋದರು. ದಾಖಲೆಯಲ್ಲಿ ಬರೀ ಮೆಕ್ಕೆಜೋಳ. ತೊಗರಿ ಮಾರೋಕೆ ಹೋದಾಗ ನನ್ನ ಹೊಲದಲ್ಲಿ ತೊಗರಿ ಇತ್ತು ಅಂತ ನಂಬಿಸೋದಕ್ಕೆ ಮೂರು ದಿನ ಅಲೆದೆ.

ಅದಕ್ಕೇ ಮನೆಯಲ್ಲಿ ಹುಡುಗರಿದ್ದರೆ ಸೆಲ್ಫಿ ಬೇಡ ಅನ್ನಬೇಡಿ, ಹೊಲಕ್ಕೆ ಕರಕೊಂಡು ಹೋಗಿ. ಬಿತ್ತಿದ ಮೇಲೆ ಒಂದು, ಎಡೆ ಹೊಡೆದಾಗ ಒಂದು, ಒಣಗಿದರೆ ಒಣಗಿದ್ದರದೂ ಒಂದು ತೆಗೆಸಿ. ಸಮೀಕ್ಷೆ ಮುಗಿದ ಮೇಲೆ 'ಬೆಳೆ ದರ್ಶಕ' ಆ್ಯಪಿನಲ್ಲಿ ನಿಮ್ಮ ಸರ್ವೆ ನಂಬರ್ ಹಾಕಿ, ಯಾವ ಬೆಳೆ ಬರೆದಿದ್ದಾರೆ ನೋಡಿ. ತಪ್ಪಿದ್ದರೆ ಅದರಲ್ಲೇ ಆಕ್ಷೇಪಣೆ ಹಾಕಬಹುದು. ಗಡುವು ಇರುತ್ತೆ, ಕೊಯ್ಲು ಮುಗಿಯೋವರೆಗೂ ಕಾಯಬೇಡಿ.